ಕೋಲಿನ ಬುಡಕ್ಕೆ ಅಣಸು ಬೇಕೆ?

ಒನಕೆಯ ತುದಿಗೆ ಕಬ್ಬಿಣದ ಅಣಸು ಏಕೆ ಎಂದು ನಮ್ಮಲ್ಲಿ ಯಾರೂ ಚರ್ಚೆ ಮಾಡಿದಂತೆ ತೋರುವುದಿಲ್ಲ. ಮರವು ಕಲ್ಲನ್ನು ಮುಟ್ಟುವ ಕಡೆ ಮರ ಸವೆಯುತ್ತದೆ, ಸೀಳುತ್ತದೆ. ಆದ್ದರಿಂದ ಅಲ್ಲಿ ಮರಕ್ಕಿಂತ ಗಟ್ಟಿಯಾದದ್ದೋ ಮೆತ್ತಗಿನದೋ ಒಂದು ಕಾಪು ಬೇಕು. ಊರುಗೋಲಿಗೆ ಹಿತ್ತಾಳೆಯ ಕಟ್ಟು ಬಂದದ್ದೂ, ಮುಂದೆ ಅದರ ಜಾಗದಲ್ಲಿ ರಬ್ಬರಿನ ಕುಪ್ಪಿಗೆ ಬಂದದ್ದೂ ಇದೇ ನ್ಯಾಯದಿಂದ. ಆದರೆ ಇದೇ ಪ್ರಶ್ನೆ ಬಿಲಿಯರ್ಡ್ಸ್ ಮೇಜಿನ ಬಳಿಗೆ ಬಂದಾಗ ಮಾತ್ರ ಜನ ಎರಡು ಪಕ್ಷವಾಗಿ ನಿಲ್ಲುತ್ತಾರೆ. ‘ಕ್ಯೂ’ ಎಂದು ಕರೆಯುವ ಆ ಉದ್ದನೆಯ ಕೋಲಿನ ಬುಡಕ್ಕೆ, ಎಂದರೆ ಚೆಂಡನ್ನು ಹೊಡೆಯುವ ಮೊನೆಗೆ ವಿರುದ್ಧವಾದ ದಪ್ಪ ತುದಿಗೆ, ರಬ್ಬರಿನ ಬಂಪರ್ ಇರಬೇಕೆ, ಬೇಡವೆ? ಅಮೆರಿಕದ ‘ಪೂಲ್’ ಆಟದ ಕೋಲುಗಳಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಂಗ್ಲೆಂಡಿನ ಹಳೆಯ ಪದ್ಧತಿಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಕೋಲುಗಳಲ್ಲಿ ಕರಿಮರದ ಬುಡ ಬರಿದಾಗಿಯೇ ಇರುತ್ತಿತ್ತು. ರಬ್ಬರ್ ಬೇಕು ಎನ್ನುವವರು ಉಪಯುಕ್ತತೆಯ ಹೆಸರು ಹೇಳುತ್ತಾರೆ. ಬೇಡ ಎನ್ನುವವರು ಸಂಪ್ರದಾಯದ ಹೆಸರು ಹೇಳುತ್ತಾರೆ.

ಉಪಯುಕ್ತತೆಯನ್ನು ಕುರಿತ ವಾದವನ್ನು ಬಡಗಿಯೊಬ್ಬನನ್ನು ಕರೆದು ಅರ್ಧ ಗಂಟೆಯಲ್ಲಿ ತೀರ್ಮಾನಿಸಬಹುದು. ಸಂಪ್ರದಾಯವನ್ನು ಕುರಿತ ವಾದಕ್ಕೆ ಚರಿತ್ರೆಯನ್ನು ಕೇಳಬೇಕಾಗುತ್ತದೆ. ಚರಿತ್ರೆ ಇಲ್ಲಿ ಹೇಳುವ ಕಥೆ ಸ್ವಲ್ಪ ವಿಚಿತ್ರವಾದದ್ದು. ಏಕೆಂದರೆ ಇಂದು ನಾವು ಬುಡ ಎಂದು ಕರೆಯುವ ತುದಿ ಒಂದು ಕಾಲದಲ್ಲಿ ಆ ಕೋಲಿನ ತಲೆಯಾಗಿತ್ತು. ಇಂದು ಮೊನೆಯೆಂದು ಕರೆಯುವುದು ಅದರ ಬಾಲವಾಗಿತ್ತು.

ಬಿಲಿಯರ್ಡ್ಸ್ ಮೊದಲು ಹುಲ್ಲುಹಾಸಿನ ಮೇಲೆ ಆಡುತ್ತಿದ್ದ ಆಟ. ಕಮಾನಿನೊಳಗೆ ಚೆಂಡನ್ನು ತೂರಿಸುವ ಆ ಆಟವನ್ನು ಯುರೋಪಿನ ಮಳೆ, ಚಳಿಗಳಿಗೆ ಹೆದರಿ ಶ್ರೀಮಂತರು ಮನೆಯೊಳಕ್ಕೆ ತಂದುಕೊಂಡರು. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿದ್ದು ಹೊರಗೆ ಬಿಟ್ಟು ಬಂದ ಹುಲ್ಲಿನ ನೆನಪಿಗೆ ಎನ್ನುತ್ತಾರೆ. ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿಯ ಅರಮನೆಯಲ್ಲಿ 15ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಇಂಥ ಮೇಜೊಂದಿತ್ತು. ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಲ್ಲಿದ್ದಾಗ, 1586ರಲ್ಲಿ, ತನ್ನ ಬಿಲಿಯರ್ಡ್ಸ್ ಮೇಜನ್ನು ಕಾವಲಿನವರು ಕಿತ್ತುಕೊಂಡರೆಂದು ಪತ್ರದಲ್ಲಿ ದೂರಿದ್ದಾಳೆ. ಮರುವರ್ಷ ಅವಳ ಶಿರಚ್ಛೇದವಾಯಿತು. ಆ ಮೇಜಿನ ಬಟ್ಟೆಯನ್ನೇ ಹರಿದು ಅವಳ ದೇಹಕ್ಕೆ ಸುತ್ತಿದರೆಂದು ಒಂದು ಐತಿಹ್ಯವಿದೆ. ಷೇಕ್ಸ್‌ಪಿಯರ್ ಮಹಾಕವಿ ತನ್ನ ‘ಆಂಟನಿ ಅಂಡ್ ಕ್ಲಿಯೋಪಾತ್ರ’ ನಾಟಕದಲ್ಲಿ ಕ್ಲಿಯೋಪಾತ್ರಳ ಬಾಯಲ್ಲಿಯೇ ಬಿಲಿಯರ್ಡ್ಸ್ ಆಡೋಣ ಬಾ ಎಂದು ಸಖಿಯನ್ನು ಕರೆಸುತ್ತಾನೆ. ಕ್ರಿಸ್ತಪೂರ್ವದ ಈಜಿಪ್ಟಿನಲ್ಲಿ ಬಿಲಿಯರ್ಡ್ಸ್ ಎಲ್ಲಿಂದ ಬಂತು ಎಂದು ವಿದ್ವಾಂಸರು ನಗುತ್ತಾರೆ. ನಾಟಕ ನೋಡಲು ಬಂದಿದ್ದ ಲಂಡನ್ನಿನ ಜನಕ್ಕೆ ಅದು ಚೆನ್ನಾಗಿ ಗೊತ್ತಿದ್ದ ಆಟವಾಗಿತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಆ ಕಾಲದ ಕೋಲನ್ನು ಈಗಿನವರು ನೋಡಿದರೆ ಅದನ್ನು ಬಿಲಿಯರ್ಡ್ಸ್ ಕೋಲೆಂದು ಗುರುತಿಸಲಾರರು. ಅದಕ್ಕೆ ‘ಮೇಸ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಗದೆ ಎನ್ನಬಹುದು, ಆದರೆ ಭೀಮನ ಗದೆಯನ್ನು ಕಲ್ಪಿಸಿಕೊಳ್ಳಬಾರದು. ತೆಳ್ಳಗಿನ ಹಿಡಿಕೆ, ಅದರ ಕೊನೆಯಲ್ಲಿ ಅಗಲವಾದ, ಕೆಳಭಾಗ ಚಪ್ಪಟೆಯಾದ ಒಂದು ಮರದ ತಲೆ. ಆ ತಲೆಯನ್ನು ಮೇಜಿನ ಮೇಲೆ ಚೆಂಡಿನ ಹಿಂದೆ ಇರಿಸಿ, ಹಿಡಿಕೆಯನ್ನು ಹೆಗಲಿನ ಎತ್ತರಕ್ಕೆ ಹಿಡಿದು ನೂಕಬೇಕು. ಆಗ ಚೆಂಡನ್ನು ಹೊಡೆಯುತ್ತಿರಲಿಲ್ಲ, ತಳ್ಳುತ್ತಿದ್ದರು. ಹದಿನಾಲ್ಕನೆಯ ಲೂಯಿ ದೊರೆ ಹೀಗೆ ಮೇಸನ್ನು ಹಿಡಿದು ಮೇಜಿನ ಬಳಿ ನಿಂತಿರುವ 1694ರ ಕೆತ್ತನೆಯ ಚಿತ್ರವೊಂದು ಪ್ರಸಿದ್ಧವಾಗಿದೆ. ಬಾಗುವ ಕೆಲಸವಿಲ್ಲ, ಒಂದು ಕಣ್ಣು ಕಿರಿದುಮಾಡುವ ಕೆಲಸವಿಲ್ಲ. ವಿಗ್ಗು ಜಾರುವ ಭಯವೂ ಇಲ್ಲ. ರಾಜರಿಗೆ ಒಪ್ಪುವ ಆಟ.

1674ರಲ್ಲಿ ಲಂಡನ್ನಿನಲ್ಲಿ ‘ದಿ ಕಂಪ್ಲೀಟ್ ಗೇಮ್‌ಸ್ಟರ್’ ಎಂಬ ಪುಸ್ತಕ ಅಚ್ಚಾಯಿತು. ಕರ್ತೃವಿನ ಹೆಸರಿಲ್ಲದೆ ಬಂದರೂ ಅದು ಚಾರ್ಲ್ಸ್ ಕಾಟನ್ ಎಂಬಾತನದೆಂದು ಎಲ್ಲರೂ ಒಪ್ಪುತ್ತಾರೆ. ಜೂಜುಕೋರರ ಮೋಸಗಳಿಂದ ಹಿಡಿದು ಕೋಳಿ ಕಾಳಗದವರೆಗೆ ಎಲ್ಲವನ್ನೂ ವಿವರಿಸುವ ಆ ಪುಸ್ತಕದಲ್ಲಿ ಬಿಲಿಯರ್ಡ್ಸ್ ಕೋಲು ಹೇಗಿರಬೇಕೆಂಬ ಮಾತು ಬರುತ್ತದೆ. ಮರ ತೂಕವಾಗಿರಬೇಕು; ಅದರ ಅಗಲವಾದ ತುದಿಗೆ ಆನೆಯ ದಂತದ ಕಟ್ಟು ಇರಬೇಕು. ಈ ಸಣ್ಣ ವಿವರವನ್ನು ನಾವು ಗಂಟುಹಾಕಿಕೊಳ್ಳೋಣ. ಕೋಲಿನ ದಪ್ಪ ತುದಿಗೆ ಮರವಲ್ಲದ ಬೇರೊಂದು ವಸ್ತುವನ್ನು ತೊಡಿಸಬೇಕೆಂಬ ಸಲಹೆ ಈ ಆಟದ ಬಗೆಗೆ ಇಂಗ್ಲಿಷಿನಲ್ಲಿ ಬಂದ ಅತ್ಯಂತ ಹಳೆಯ ವಿವರಣೆಗಳಲ್ಲೊಂದರಲ್ಲಿಯೇ ಇದೆ. ಬರಿಯ ಬುಡವೇ ಸನಾತನವೆಂದು ವಾದಿಸುವವರಿಗೆ ಇದು ಅನುಕೂಲವಾದ ಸಾಕ್ಷಿಯಲ್ಲ.

ಇನ್ನು ಈ ಗದೆ ಕೋಲಾದದ್ದು ಹೇಗೆ? ಕಾರಣ ಬಹಳ ಸರಳ. ಚೆಂಡು ಮೇಜಿನ ಅಂಚಿಗೆ ಅಂಟಿಕೊಂಡು ನಿಂತಾಗ ಮೇಸಿನ ಅಗಲವಾದ ತಲೆ ಅದರ ಹಿಂದೆ ಹಿಡಿಸುತ್ತಿರಲಿಲ್ಲ. ಆಗ ಆಟಗಾರ ಕೋಲನ್ನು ತಿರುಗುಮುರುಗು ಮಾಡಿ, ಹಿಡಿಕೆಯ ತೆಳ್ಳಗಿನ ಕೊನೆಯಿಂದ ಚೆಂಡನ್ನು ಕುಟ್ಟುತ್ತಿದ್ದ. ಫ್ರೆಂಚರು ಆ ಕೊನೆಯನ್ನು ಬಾಲವೆಂದು ಕರೆದರು; ಬಾಲಕ್ಕೆ ಅವರ ಮಾತು ‘ಕ್ಯೂ’. ರೇಷನ್ ಅಂಗಡಿಯ ಮುಂದೆ ನಾವು ನಿಲ್ಲುವ ‘ಕ್ಯೂ’ ಕೂಡ ಅದೇ ಬಾಲ. ಆಪದ್ಧರ್ಮವಾಗಿ ಬಂದ ಈ ಬಾಲದ ಹೊಡೆತದಲ್ಲಿ ತಲೆಯ ನೂಕಿಗಿಂತ ಹೆಚ್ಚಿನ ಗುರಿಯೂ ಹಿಡಿತವೂ ಇದೆಯೆಂದು ಜಾಣರಿಗೆ ಕ್ರಮೇಣ ಗೊತ್ತಾಯಿತು. 18ನೆಯ ಶತಮಾನದುದ್ದಕ್ಕೂ ಎರಡೂ ಪದ್ಧತಿಗಳು ಜೊತೆಜೊತೆಯಾಗಿ ನಡೆದವು. ಮೇಜಿನ ಬಟ್ಟೆ ಹರಿದೀತೆಂಬ ಭಯದಿಂದ ಹೊಸಬರಿಗೂ ಹೆಂಗಸರಿಗೂ ಬಾಲದ ಹೊಡೆತಕ್ಕೆ ಅಪ್ಪಣೆ ಇರುತ್ತಿರಲಿಲ್ಲ. ಅವರು ಮೇಸಿನಲ್ಲಿಯೇ ಆಡಬೇಕಾಗಿತ್ತು. ಹೆಂಗಸರು ಬಟ್ಟೆ ಹರಿಯುತ್ತಾರೆ, ಗಂಡಸರು ಹರಿಯುವುದಿಲ್ಲ ಎಂದು ಯಾರು ಪರೀಕ್ಷೆ ಮಾಡಿ ನೋಡಿದ್ದರೋ!

1800ರ ಸುಮಾರಿಗೆ ಬಾಲವೇ ಗೆದ್ದಿತು. ಕೋಲಿಗೆ ಅಗಲವಾದ ತಲೆ ಉಳಿಯಲಿಲ್ಲ. ಅದು ತೂಕಕ್ಕಾಗಿ ಸ್ವಲ್ಪ ದಪ್ಪಗಿದ್ದು ಹಿಂದಕ್ಕೆ ಸರಿಯಿತು. ಹೀಗೆ ತಲೆಯಿದ್ದದ್ದು ಬುಡವಾಯಿತು. ಆದರೂ ಅದು ಒಮ್ಮೆಗೇ ನಿರುದ್ಯೋಗಿಯಾಗಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. 19ನೆಯ ಶತಮಾನದಲ್ಲಿಯೂ ಇಂಗ್ಲೆಂಡಿನ ಬಿಲಿಯರ್ಡ್ಸ್ ಕೋಣೆಗಳಲ್ಲಿ ಕೋಲಿನ ಬುಡದಿಂದ ಚೆಂಡನ್ನು ಆಡುವ ಪದ್ಧತಿ ಇತ್ತು. ದೂರದ ಚೆಂಡಿಗಾಗಿ ಇಟ್ಟುಕೊಂಡಿದ್ದ ಉದ್ದನೆಯ ಕೋಲುಗಳಿಗೆ ‘ಹಾಫ್ ಬಟ್’, ‘ಲಾಂಗ್ ಬಟ್’ ಎಂದು ಇಂದಿಗೂ ಇರುವ ಹೆಸರುಗಳು ಬುಡ ಎಂಬ ಮಾತಿನಿಂದಲೇ ಬಂದವು. ಹಳೆಯ ಮಾದರಿಯ ಸ್ನೂಕರ್ ಕೋಲನ್ನು ಕೈಗೆ ತೆಗೆದುಕೊಂಡು ನೋಡಿದರೆ ಬುಡದ ಒಂದು ಮಗ್ಗುಲನ್ನು ಓರೆಯಾಗಿ ಚಪ್ಪಟೆ ಕೆತ್ತಿರುವುದು ಕಾಣುತ್ತದೆ. ಈಗ ಅಲ್ಲಿ ತಯಾರಕರ ಹೆಸರಿನ ಬಿಲ್ಲೆ ಕೂಡಿಸುತ್ತಾರೆ. ಆ ಚಪ್ಪಟೆ, ಬುಡವನ್ನು ಮೇಜಿನ ಮೇಲೆ ಮಲಗಿಸಿ ಚೆಂಡನ್ನು ನೂಕುತ್ತಿದ್ದ ಕಾಲದ ಉಳಿಕೆ ಎಂದು ಈ ಆಟದ ಚರಿತ್ರೆ ಬಲ್ಲವರು ಹೇಳುತ್ತಾರೆ. ಈಗಿನ ನಿಯಮಗಳ ಪ್ರಕಾರವಾದರೋ ಚೆಂಡನ್ನು ಕೋಲಿನ ಮೊನೆಯಿಂದಲೇ ಹೊಡೆಯತಕ್ಕದ್ದು. ಬುಡದಿಂದ ಮುಟ್ಟಿದರೆ ತಪ್ಪು.

ಬುಡ ಹೀಗೆ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿಯೇ ಮೊನೆಯ ಭಾಗ್ಯ ತೆರೆಯಿತು. ಮರದ ಬರಿಯ ಮೊನೆಯಿಂದ ಚೆಂಡಿನ ನಡುವಿಗೆ ಹೊಡೆಯಬಹುದೇ ಹೊರತು ಪಕ್ಕಕ್ಕೆ ಹೊಡೆದರೆ ಜಾರುತ್ತದೆ. ಫ್ರಾನ್ಸಿನ ಮಿಂಗೋ ಎಂಬ ಸೈನಿಕ ಅಧಿಕಾರಿ, ರಾಜಕೀಯ ಕಾರಣಕ್ಕಾಗಿ ಸೆರೆಯಲ್ಲಿದ್ದವನು, ಕಾಲ ಕಳೆಯಲು ಅಲ್ಲಿದ್ದ ಬಿಲಿಯರ್ಡ್ಸ್ ಮೇಜನ್ನು ಆಶ್ರಯಿಸಿದ. ಕೋಲಿನ ಮೊನೆಗೆ ದುಂಡನೆಯ ತೊಗಲಿನ ತುಣುಕೊಂದನ್ನು ಅಂಟಿಸಿ, ಚೆಂಡು ತನ್ನ ಮಾತು ಕೇಳುವುದನ್ನು ಕಂಡ. 1807ರ ಸುಮಾರಿನ ಸಂಗತಿ ಇದು. ಅವನು ಬ್ಯಾಸ್ಟೀಲ್ ಕಾರಾಗೃಹದಲ್ಲಿದ್ದನೆಂದು ಅನೇಕ ಪುಸ್ತಕಗಳಲ್ಲಿ ಬರೆದಿದೆ. ಬ್ಯಾಸ್ಟೀಲನ್ನು ಜನ 1789ರಲ್ಲಿಯೇ ಹಿಡಿದು ನೆಲಸಮ ಮಾಡಿದ್ದರೆಂಬುದನ್ನು ಬರೆದವರು ಮರೆತಂತಿದೆ. ಬಿಡುಗಡೆಯ ದಿನ ಬಂದಾಗ, ಅಭ್ಯಾಸ ಇನ್ನೂ ಮುಗಿದಿಲ್ಲ, ಕೆಲವು ದಿನ ಸೆರೆಯಲ್ಲಿಯೇ ಇರಗೊಡಿ ಎಂದು ಬೇಡಿದನೆಂಬ ಕಥೆಯೂ ಇದೆ. ಸುಳ್ಳಾಗಿದ್ದರೂ ಒಳ್ಳೆಯ ಕಥೆ. 1827ರಲ್ಲಿ ಅವನು ತನ್ನ ಹೊಡೆತಗಳನ್ನು ವಿವರಿಸುವ ಪುಸ್ತಕವನ್ನು ಪ್ರಕಟಿಸಿದ್ದು ಮಾತ್ರ ನಿಜ.

ತೊಗಲಿನ ಮೇಲೆ ಸೀಮೆಸುಣ್ಣ ಬಂತು. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಬಾರ್ಟ್ಲಿ ಎಂಬವನ ಬಿಲಿಯರ್ಡ್ಸ್ ಕೋಣೆಗಳಲ್ಲಿ ಜ್ಯಾಕ್ ಕಾರ್ ಎಂಬ ಮಾರ್ಕರ್ ಇದ್ದ. ಮಾರ್ಕರ್ ಎಂದರೆ ಅಂಕ ಬರೆಯುವವನು, ಕೋಲುಗಳನ್ನು ಎತ್ತಿಡುವವನು, ಬೇಕಾದವರಿಗೆ ಕೈಕೊಟ್ಟು ಆಡುವವನು. ಚೆಂಡಿನ ಮಗ್ಗುಲಿಗೆ ಹೊಡೆದು ಅದನ್ನು ತಿರುಗುವಂತೆ ಮಾಡುವ ಗುಟ್ಟನ್ನು ಯಜಮಾನನಿಂದ ಕಲಿತ ಕಾರ್, ಅದೆಲ್ಲ ತನ್ನ ಬಳಿಯಿರುವ ಮಾಯಾಪುಡಿಯ ಮಹಿಮೆ ಎಂದು ಗಿರಾಕಿಗಳಿಗೆ ಹೇಳಿ, ಸಾಮಾನ್ಯವಾದ ಸೀಮೆಸುಣ್ಣವನ್ನೇ ಸಣ್ಣ ಡಬ್ಬಿಗಳಲ್ಲಿ ತುಂಬಿ ದುಬಾರಿ ಬೆಲೆಗೆ ಮಾರಿದನಂತೆ. ಪುಡಿ ಸುಳ್ಳು, ತಿರುಗುವುದು ನಿಜ. ಕೆಲವೇ ವರ್ಷಗಳಲ್ಲಿ, 1835ರಲ್ಲಿ, ಕೋರಿಯೋಲಿಸ್ ಎಂಬ ಫ್ರೆಂಚ್ ಗಣಿತಜ್ಞ ಬಿಲಿಯರ್ಡ್ಸ್ ಚೆಂಡಿನ ಚಲನೆಯನ್ನು ಕುರಿತು ಒಂದು ಇಡೀ ಗ್ರಂಥವನ್ನೇ ಬರೆದ. ಬಿರುಗಾಳಿಯ ಸುಳಿಗಳಿಗೂ ಭೂಮಿಯ ತಿರುಗುವಿಕೆಗೂ ಇರುವ ಸಂಬಂಧವನ್ನು ಹೇಳುವಾಗ ಶಾಲೆಯ ಮಕ್ಕಳು ಓದುವ ಕೋರಿಯೋಲಿಸ್ ಈತನೇ.

ಮೇಜಿಗೂ ಇದೇ ಕಾಲದಲ್ಲಿ ಹೊಸ ಮೈ ಬಂತು. ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಮರದ ಹಲಗೆಯ ಬದಲು ಸ್ಲೇಟುಕಲ್ಲಿನ ಹಾಸು ಹಾಕಿದ. 1835ರಲ್ಲಿ ಅಂಚುಗಳಿಗೆ ರಬ್ಬರ್ ಕೂಡಿಸಿದ. ಅದುವರೆಗೆ ಅಂಚುಗಳಲ್ಲಿ ಬಟ್ಟೆಯ ಪಟ್ಟಿಗಳನ್ನೋ ಕೂದಲನ್ನೋ ತುರುಕುತ್ತಿದ್ದರು. ನಮ್ಮ ಪ್ರಶ್ನೆಯ ನಾಯಕನಾದ ರಬ್ಬರ್ ಬಿಲಿಯರ್ಡ್ಸ್ ಕೋಣೆಯನ್ನು ಪ್ರವೇಶಿಸಿದ್ದು ಹೀಗೆ. ಪ್ರವೇಶ ಅಷ್ಟೇನೂ ಶುಭವಾಗಿರಲಿಲ್ಲ. ಕಚ್ಚಾ ರಬ್ಬರ್ ಚಳಿಗೆ ಕಲ್ಲಿನಂತಾಗುತ್ತಿತ್ತು, ಸೆಖೆಗೆ ಅಂಟಾಗುತ್ತಿತ್ತು. ಚಳಿಗಾಲದಲ್ಲಿ ಆಟಕ್ಕೆ ಮೊದಲು ಬಿಸಿನೀರು ತುಂಬಿದ ಪಾತ್ರೆಗಳನ್ನು ಅಂಚುಗಳ ಪಕ್ಕದಲ್ಲಿಟ್ಟು ಅವಕ್ಕೆ ಕಾವು ಕೊಡಬೇಕಾಗಿತ್ತು. ಅಮೆರಿಕದ ಗುಡ್‌ಇಯರ್, ಇಂಗ್ಲೆಂಡಿನ ಹ್ಯಾನ್‌ಕಾಕ್ ಎಂಬವರು ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಿಧಾನವನ್ನು ಕಂಡುಕೊಂಡು, 1844ರ ಹೊತ್ತಿಗೆ ಅದಕ್ಕೆ ಹಕ್ಕುಪತ್ರಗಳು ಬಂದವು. ಆ ಮೇಲೆಯೇ ರಬ್ಬರ್ ಚಳಿಗೂ ಸೆಖೆಗೂ ಬಗ್ಗದ, ಹೊಡೆತವನ್ನು ನುಂಗಿ ಮತ್ತೆ ತನ್ನ ಆಕಾರಕ್ಕೆ ಮರಳುವ ವಸ್ತುವಾದದ್ದು. ಕೋಲಿನ ಬುಡದ ಬಂಪರ್ ಇದಕ್ಕೆ ಮೊದಲು ಸಾಧ್ಯವೇ ಇರಲಿಲ್ಲ. ಆದ್ದರಿಂದ ಹಳೆಯ ಕೋಲುಗಳಲ್ಲಿ ಅದು ಕಾಣದಿರುವುದು ಹಿರಿಯರು ಬೇಡವೆಂದು ತೀರ್ಮಾನಿಸಿದ್ದರ ಗುರುತಲ್ಲ; ಅವರ ಕೈಗೆ ಆ ವಸ್ತು ಸಿಕ್ಕಿರಲಿಲ್ಲ.

ಆದರೆ 1844ರ ಅನಂತರವೂ ಇಂಗ್ಲಿಷ್ ಕೋಲಿನ ಬುಡ ಬರಿದಾಗಿಯೇ ಉಳಿಯಿತಲ್ಲ, ಅದಕ್ಕೇನು ಸಮಾಧಾನ ಎಂದು ಕೇಳಬಹುದು. ನನ್ನ ದೃಷ್ಟಿಯಲ್ಲಿ ಈ ಪ್ರಶ್ನೆಯ ತಿರುಳೇ ಇಲ್ಲಿದೆ. ಇದರ ಉತ್ತರ ಮರದ ಗುಣದಲ್ಲಿಲ್ಲ, ಕೋಣೆಯ ವ್ಯವಸ್ಥೆಯಲ್ಲಿದೆ.

ಆ ವ್ಯವಸ್ಥೆಯನ್ನು ನೋಡಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ದೇಶದಲ್ಲಿಯೇ ನೋಡಬಹುದು. ಸ್ನೂಕರ್ ಆಟ ಹುಟ್ಟಿದ್ದು ಮಧ್ಯಪ್ರದೇಶದ ಜಬಲ್‌ಪುರದಲ್ಲಿ. 1875ರ ಮಳೆಗಾಲದಲ್ಲಿ ಅಲ್ಲಿನ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವಕ ಅಧಿಕಾರಿ, ಆಗ ಬಳಕೆಯಲ್ಲಿದ್ದ ಬಣ್ಣದ ಚೆಂಡುಗಳ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟ ಹೂಡಿದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನನೇ ಬೇರೆ, ಈತನೇ ಬೇರೆ. ಸೈನಿಕ ಶಾಲೆಯ ಹೊಸ ಹುಡುಗರನ್ನು ಹಾಸ್ಯಕ್ಕೆ ‘ಸ್ನೂಕರ್’ ಎನ್ನುತ್ತಿದ್ದರು. ಸುಲಭದ ಚೆಂಡೊಂದನ್ನು ತಪ್ಪಿಸಿಕೊಂಡ ಜೊತೆಗಾರನನ್ನು ಇವನು ಹಾಗೆ ಕರೆದನಂತೆ, ಹೆಸರು ಆಟಕ್ಕೆ ಅಂಟಿಕೊಂಡಿತು. 1880ರ ದಶಕದ ಮೊದಲ ವರ್ಷಗಳಲ್ಲಿ ಇದೇ ಚೇಂಬರ್ಲೇನ್ ಉದಕಮಂಡಲದಲ್ಲಿದ್ದಾಗ ಆಟದ ನಿಯಮಗಳನ್ನು ಬರೆದು ಅಲ್ಲಿನ ಕ್ಲಬ್ಬಿನ ಗೋಡೆಗೆ ತೂಗುಹಾಕಿದರು. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಘಾಟಿ ಹತ್ತಿ ಊಟಿಗೆ ಹೋಗುವ ನಮ್ಮ ಜನ ಹೂದೋಟವನ್ನೂ ಸರೋವರವನ್ನೂ ನೋಡಿ ಬರುತ್ತಾರೆ. ಜಗತ್ತೆಲ್ಲ ಆಡುವ ಒಂದು ಆಟದ ಶಾಸನ ಅಲ್ಲಿ ಬರೆಯಲ್ಪಟ್ಟಿತೆಂಬುದು ಅನೇಕರಿಗೆ ತಿಳಿಯದು. ಚೇಂಬರ್ಲೇನ್ 1938ರಲ್ಲಿ, ತನ್ನ ಮುಪ್ಪಿನಲ್ಲಿ, ಪತ್ರಿಕೆಯೊಂದಕ್ಕೆ ಪತ್ರ ಬರೆದು ಈ ಕಥೆಯನ್ನು ಸ್ವತಃ ತಿಳಿಸದಿದ್ದರೆ ಬಹುಶಃ ಅದು ಮುಚ್ಚಿಯೇ ಹೋಗುತ್ತಿತ್ತು.

ಇಂಥ ಕ್ಲಬ್ಬುಗಳಲ್ಲಿ ಕೋಲು ನೆಲಕ್ಕೆ ಬಡಿಯುತ್ತಿರಲಿಲ್ಲ. ಕಾರಣ, ಅದನ್ನು ಹಿಡಿದುಕೊಳ್ಳಲು ಬೇರೊಬ್ಬ ಮನುಷ್ಯನಿದ್ದ. ಐರೋಪ್ಯ ಕ್ಲಬ್ಬುಗಳಲ್ಲಿ ಬಹುಪಾಲು ಕಡೆ ಭಾರತೀಯನಿಗೆ ಸದಸ್ಯತ್ವವಿರಲಿಲ್ಲ, ಆದರೆ ಮಾರ್ಕರ್ ಭಾರತೀಯನೇ ಆಗಿದ್ದ. ಸಾಹೇಬನ ಸರದಿ ಮುಗಿದೊಡನೆ ಕೋಲು ಮಾರ್ಕರನ ಕೈಗೆ, ಅಲ್ಲಿಂದ ಗೋಡೆಯ ಚೌಕಟ್ಟಿಗೆ. ಬೆಳಗ್ಗೆ ಅವುಗಳನ್ನು ಒರಸುವವನು ಅವನು. ತೊಗಲು ಸವೆದರೆ ಹೊಸದನ್ನು ಅಂಟಿಸುವವನು ಅವನು. ಡೊಂಕಾದದ್ದನ್ನು ಮೇಜಿನ ಮೇಲೆ ಉರುಳಿಸಿ ಕಣ್ಣಳತೆಯಿಂದ ಗುರುತಿಸುವವನು ಅವನು. ಚೌಕಟ್ಟಿನ ಕೆಳಗೆ ಮರದ ಹಲಗೆ, ಮೇಜಿನ ಸುತ್ತ ಕಂಬಳಿ ಅಥವಾ ಜಮಖಾನೆ. ಅಂಥ ಕೋಣೆಯಲ್ಲಿ ಬುಡಕ್ಕೆ ರಬ್ಬರ್ ಯಾಕೆ ಬೇಕು? ಒಬ್ಬ ಮನುಷ್ಯನ ಎರಡು ಕೈಗಳೇ ಆ ಕೋಲಿನ ಬಂಪರ್ ಆಗಿದ್ದವು. ಬರಿಯ ಬುಡದ ಸೊಬಗನ್ನು ಹೊಗಳುವವರು ಈ ಕೈಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾರ್ಕರುಗಳಲ್ಲಿ ಎಷ್ಟೋ ಮಂದಿ ಸಾಹೇಬರಿಗಿಂತ ಚೆನ್ನಾಗಿ ಆಡಬಲ್ಲವರಾಗಿದ್ದರು. ಅವರ ಹೆಸರುಗಳು ಕ್ಲಬ್ಬಿನ ಗೋಡೆಯ ಮೇಲಿನ ವಿಜೇತರ ಹಲಗೆಗಳಲ್ಲಿ ಸೇರುವ ಹಾಗಿರಲಿಲ್ಲ. ಬಾತ್ ಪಟ್ಟಣದ ಜ್ಯಾಕ್ ಕಾರ್ ಕೂಡ ಮಾರ್ಕರನೇ ಎಂಬುದನ್ನು ಇಲ್ಲಿ ನೆನೆಯಬೇಕು. ಅವನಿಗೆ ತನ್ನ ದೇಶದಲ್ಲಿ ಸ್ಪರ್ಧೆಗೆ ಸವಾಲು ಹಾಕುವ ಅವಕಾಶವಾದರೂ ಇತ್ತು.

ಅಮೆರಿಕದ ಪೂಲ್ ಕೋಣೆಯ ವ್ಯವಸ್ಥೆಯೇ ಬೇರೆ. ಅದು ಕ್ಲಬ್ಬಲ್ಲ, ಅಂಗಡಿ. ಮೇಜನ್ನು ಗಂಟೆಯ ಲೆಕ್ಕಕ್ಕೆ ಬಾಡಿಗೆ ಹಿಡಿಯುವವರು ಯಾರು ಬೇಕಾದರೂ ಆಗಬಹುದು. ಗೋಡೆಗೆ ಒರಗಿಸಿದ ಅಂಗಡಿಯ ಕೋಲು ದಿನಕ್ಕೆ ಎಷ್ಟೋ ಕೈಗಳನ್ನು ಹಾಯುತ್ತದೆ. ಅದನ್ನು ಹಿಡಿದುಕೊಳ್ಳುವ ಆಳಿಲ್ಲ. ಎದುರಾಳಿ ಆಡುವಾಗ ಆಟಗಾರ ತನ್ನ ಕೋಲನ್ನು ನೆಲಕ್ಕೆ ಊರಿ, ಅದರ ಮೇಲೆ ಭಾರ ಬಿಟ್ಟು ನಿಲ್ಲುತ್ತಾನೆ. ನೆಲ ಸಿಮೆಂಟಿನದು. ಎದುರಾಳಿಯ ಒಳ್ಳೆಯ ಹೊಡೆತಕ್ಕೆ ಮೆಚ್ಚುಗೆ ತೋರಬೇಕಾದರೆ ಕೋಲಿನ ಬುಡವನ್ನು ನೆಲಕ್ಕೆ ಎರಡು ಬಾರಿ ಕುಟ್ಟುವುದು ಅಲ್ಲಿನ ಮರ್ಯಾದೆ; ಸೋತಾಗ ಸಿಟ್ಟಿನಿಂದ ಒಂದು ಬಾರಿ ಕುಟ್ಟುವುದು ಅಲ್ಲಿನ ಅಭ್ಯಾಸ. ಅಂಗಡಿಯವನು ತನ್ನ ಬಂಡವಾಳ ಉಳಿಸಿಕೊಳ್ಳಲು ಬುಡಕ್ಕೆ ರಬ್ಬರಿನ ಗುಂಡಿಯೊಂದನ್ನು ತಿರುಪಿನಿಂದ ಬಿಗಿದದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಷಿಕಾಗೋದ ಹರ್ಮನ್ ರ್‍ಯಾಂಬೋ, ರಷ್ಯದಿಂದ ವಲಸೆ ಬಂದು ಬ್ರೂಕ್ಲಿನ್ನಿನಲ್ಲಿ ನೆಲೆಸಿದ ಜಾರ್ಜ್ ಬಾಲಾಬುಷ್ಕ ಮೊದಲಾದ ಕುಶಲಿಗಳು ಎರಡು ತುಂಡಾಗಿ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಒಯ್ಯಬಹುದಾದ ಸೊಗಸಾದ ಕೋಲುಗಳನ್ನು ಮಾಡಿದರು. ಬಾಲಾಬುಷ್ಕ 1975ರಲ್ಲಿ ತೀರಿಕೊಂಡ. ಅವನ ಕೋಲುಗಳನ್ನು ಈಗ ಸಂಗ್ರಾಹಕರು ಪಿಟೀಲುಗಳಂತೆ ಕಾಪಾಡುತ್ತಾರೆ. ತನ್ನ ಕೋಲನ್ನು ತಾನೇ ಹೊತ್ತು ತಿರುಗುವ ಆಟಗಾರನಿಗೆ ಬಂಪರ್ ಒಂದು ಸಹಜವಾದ ಅಂಗವಾಯಿತು. ಬುಡದೊಳಗೆ ತೂಕ ಹೊಂದಿಸಲು ಹಾಕುವ ಲೋಹದ ತಿರುಪಿನ ಬಾಯಿಗೆ ಅದೇ ಮುಚ್ಚಳವೂ ಆಯಿತು.

ಮರದ ವಿಷಯಕ್ಕೆ ಬಂದರೆ ಬಂಪರಿನ ಪಕ್ಷ ಬಲವಾಗಿದೆ. ಕೋಲಿನ ತೂಕ ಹೆಚ್ಚೆಂದರೆ ಅರ್ಧ ಕಿಲೋಗ್ರಾಮಿನ ಆಸುಪಾಸು. ಆದರೆ ಅಷ್ಟೂ ತೂಕ ನೆಟ್ಟಗೆ ಬುಡದ ಅಂಚಿನ ಮೇಲೆ ಬೀಳುತ್ತದೆ. ಮೆರುಗೆಣ್ಣೆ ಮೊದಲು ಚಕ್ಕೆಯೇಳುತ್ತದೆ. ಅಲ್ಲಿಂದ ಮರದ ಅಡ್ಡಕೊಯ್ತದ ಮುಖ ಬಯಲಾಗುತ್ತದೆ. ಮರ ನೀರು ಕುಡಿಯುವುದು ಬಹುಮಟ್ಟಿಗೆ ಈ ಮುಖದಿಂದ. ಅದರ ನಾರುಗಳು ಸಣ್ಣ ಕೊಳವೆಗಳಂತೆ ನೀರನ್ನು ಮೇಲಕ್ಕೆ ಎಳೆಯುತ್ತವೆ. ನಮ್ಮಲ್ಲಿ ದಿನಕ್ಕೆರಡು ಬಾರಿ ಒದ್ದೆಬಟ್ಟೆಯಿಂದ ಒರಸುವ ನೆಲ, ಮಂಗಳೂರಿನಂಥ ಕಡೆ ನಾಲ್ಕು ತಿಂಗಳ ಮಳೆ, ಅನಂತರ ಬೇಸಗೆಯ ಒಣಹವೆ. ಹೀರಿದ ನೀರು ಆರುವಾಗ ಮರ ಸೀಳುತ್ತದೆ. ಕರಿಮರ ಬಹಳ ಒತ್ತಾದ ಮರವಾದ್ದರಿಂದ ತಡೆದುಕೊಳ್ಳುತ್ತದೆ ಎಂಬುದು ನಿಜ. ಆದರೆ ಅಗ್ಗದ ಕೋಲುಗಳಲ್ಲಿ ಕಾಣುವ ಕಪ್ಪು ಬಣ್ಣವೆಲ್ಲ ಕರಿಮರವಲ್ಲ. ಇನ್ನು ನಯವಾದ ಮೊಸಾಯಿಕ್ ನೆಲದ ಮೇಲೆ ಗೋಡೆಗೆ ಒರಗಿಸಿದ ಬರಿಬುಡದ ಕೋಲು ಜಾರಿ ಬೀಳುವುದನ್ನು ಯಾರು ನೋಡಿಲ್ಲ? ಬಿದ್ದರೆ ಪೆಟ್ಟು ಬುಡಕ್ಕಲ್ಲ, ಮೊನೆಗೆ. ರಬ್ಬರ್ ನೆಲವನ್ನು ಕಚ್ಚಿ ಹಿಡಿಯುತ್ತದೆ. ಕೋಲನ್ನು ಗೋಡೆಗೆ ಒರಗಿಸಿಡುವುದೇ ತಪ್ಪು, ಅದು ಬಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅವರ ಮಾತನ್ನು ಎಲ್ಲರೂ ಒಪ್ಪುತ್ತಾರೆ, ಯಾರೂ ಪಾಲಿಸುವುದಿಲ್ಲ.

ವಿರೋಧಿಗಳ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆಂದಲ್ಲ. ಸಡಿಲವಾದ ಬಂಪರ್ ಪ್ರತಿ ಹೊಡೆತಕ್ಕೂ ಗುಂಯ್‌ಗುಡುತ್ತದೆ. ಹೊಡೆತದ ಒಳಿತು ಕೆಡುಕನ್ನು ಕಣ್ಣಿಗಿಂತ ಮೊದಲು ಕೈಯೂ ಕಿವಿಯೂ ತಿಳಿಯುವ ಆಟದಲ್ಲಿ ಇದು ಚಿಕ್ಕ ಕಿರಿಕಿರಿಯಲ್ಲ. ಕಪ್ಪು ರಬ್ಬರ್ ತಿಳಿಬಣ್ಣದ ನೆಲದ ಮೇಲೆ ಗೆರೆ ಎಳೆಯುತ್ತದೆ. ಮೆಚ್ಚುಗೆಯ ಕುಟ್ಟು ‘ಟಕ್ ಟಕ್’ ಎನ್ನುವ ಬದಲು ‘ದಬ್ ದಬ್’ ಎನ್ನುತ್ತದೆ. ಇದನ್ನು ದೋಷವೆಂದು ಎಣಿಸಬೇಕೋ ಗುಣವೆಂದೋ ನಾನು ಹೇಳಲಾರೆ. ಈ ಎಲ್ಲಕ್ಕಿಂತ ಗಂಭೀರವಾದದ್ದು ಒಂದಿದೆ. ಹಳೆಯ ಕೈಗೆಲಸದ ಕೋಲಿನಲ್ಲಿ ಆಷ್ ಮರದ ಕೋಲಿಗೆ ಕರಿಮರವನ್ನು ನಾಲ್ಕು ಕಡೆಯಿಂದ ಚೂಪಾಗಿ ಹೊಂದಿಸಿ ಬೆಸೆದಿರುತ್ತಾರೆ. ಅಂಥ ಕೋಲಿನ ತೂಕ ಎಲ್ಲಿ ನಿಲ್ಲಬೇಕೆಂಬುದನ್ನು ಮಾಡಿದವನು ಕೈಯಲ್ಲಿ ತೂಗಿ ನಿಶ್ಚಯಿಸಿರುತ್ತಾನೆ. ಅದರ ಬುಡಕ್ಕೆ ಬೈರಿಗೆ ಇಟ್ಟು ತೂತು ಕೊರೆದು ತಿರುಪು ಹಾಕಿದರೆ ಒಣಗಿದ ಕರಿಮರ ಬಿರಿಯಬಹುದು; ಬಿರಿಯದಿದ್ದರೂ ತೂಕ ಹಿಂದಕ್ಕೆ ಸರಿಯುತ್ತದೆ. ಕಾಪಾಡುವ ನೆಪದಿಂದ ಕೆಡಿಸುವುದೆಂದರೆ ಇದೇ.

1947ರ ಅನಂತರ ನಮ್ಮ ದೇಶದಲ್ಲಿ ಈ ಆಟದ ಗತಿ ಬದಲಾಯಿತು. ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ಯಾವುದೇ ವೈಯಕ್ತಿಕ ಕ್ರೀಡೆಯಲ್ಲಿ ಬಂದ ಮೊದಲನೆಯ ವಿಶ್ವಪ್ರಶಸ್ತಿ ಅದು. 1964ರಲ್ಲಿ ಅವರು ಮತ್ತೆ ಗೆದ್ದರು. ಅನಂತರ ಮೈಕೇಲ್ ಫೆರೇರ, ಗೀತ್ ಸೇಠಿ ಬಂದರು. ನಮ್ಮ ಬೆಂಗಳೂರಿನಲ್ಲಿ ಅರವಿಂದ್ ಸವೂರರ ಕೈಯಲ್ಲಿ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ ಚೀನದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿಯಿಂದ ಆರಂಭಿಸಿ, ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲಿಯೂ ಸೇರಿ ಇಪ್ಪತ್ತೈದಕ್ಕೂ ಹೆಚ್ಚು ವಿಶ್ವಪ್ರಶಸ್ತಿಗಳನ್ನು ಗಳಿಸಿದ್ದಾರೆ. ಆಟ ಕ್ಲಬ್ಬಿನ ಬಾಗಿಲು ದಾಟಿ ಪೇಟೆಯ ಮಹಡಿಗಳಿಗೆ ಬಂದಿದೆ. ಗಂಟೆಗಿಷ್ಟು ಎಂದು ಹಣ ಕೊಟ್ಟು ಕಾಲೇಜು ಹುಡುಗರೂ ಹುಡುಗಿಯರೂ ಆಡುತ್ತಾರೆ. ಅಲ್ಲಿ ಕೋಲನ್ನು ಹಿಡಿದು ನಿಲ್ಲುವ ಮಾರ್ಕರನಿಲ್ಲ, ಇರಬೇಕಾಗಿಯೂ ಇಲ್ಲ. ತನ್ನ ಕೋಲನ್ನು ತಾನೇ ಹಿಡಿದುಕೊಳ್ಳಲಾರದಷ್ಟು ದೊಡ್ಡವರು ಯಾರೂ ಆ ಕೋಣೆಯಲ್ಲಿಲ್ಲ.

ಆದ್ದರಿಂದ ಹತ್ತಾರು ಕೈಗಳಿಗೆ ಹೋಗುವ, ಕಲ್ಲುನೆಲದ ಮೇಲೆ ನಿಲ್ಲುವ ಕೋಲಿಗೆ ರಬ್ಬರಿನ ಅಣಸು ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಶಹಾಬಾದ್ ಕಲ್ಲು ಹಾಸಿದ ಕೋಣೆಯಲ್ಲಿ ಬರಿಬುಡದ ಕೋಲುಗಳನ್ನು ಇಟ್ಟುಕೊಂಡು ಸಂಪ್ರದಾಯವನ್ನು ಹೊಗಳುವುದು ಕಾಲಿಗೆ ಕೆರವಿಲ್ಲದವನನ್ನು ನೋಡಿ ಪಾದದ ಸೊಬಗನ್ನು ಹೊಗಳಿದ ಹಾಗೆ. ಹೊಸದಾಗಿ ಕೋಲು ಮಾಡಿಸುವವರು ಮಾಡಿಸುವಾಗಲೇ ಬಂಪರನ್ನು ಕೇಳಿ ಹಾಕಿಸಿಕೊಳ್ಳಲಿ. ಆಗ ತೂಕವೂ ಅದಕ್ಕೆ ಅನುಸಾರವಾಗಿ ಹೊಂದುತ್ತದೆ. ಅಜ್ಜನ ಕಾಲದ ಕರಿಮರದ ಕೋಲು ಮನೆಯಲ್ಲಿರುವವರು ಮಾತ್ರ ಅದರ ಬುಡಕ್ಕೆ ಬೈರಿಗೆ ಮುಟ್ಟಿಸಬಾರದು. ದುಂಡಗೆ ಕತ್ತರಿಸಿದ ತೊಗಲಿನ ತುಣುಕೊಂದನ್ನು ಅಂಟಿನಿಂದ ಹಚ್ಚಿದರೆ ಸಾಕು. ಬೇಡವೆನಿಸಿದ ದಿನ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಮೆತ್ತಗಾದ ಮೇಲೆ ಬಿಡಿಸಬಹುದು, ಮರಕ್ಕೆ ನೀರು ಇಳಿಯದಂತೆ ಕೂಡಲೇ ಒರಸಿದರಾಯಿತು. ಮೂಳೆಯಂಟನ್ನೋ ತೊಗಲಂಟನ್ನೋ ಬಳಸಿದರೆ ಮಾತ್ರ ಹೀಗೆ ಬಿಡಿಸಲು ಬರುತ್ತದೆ. ಪೇಟೆಯಲ್ಲಿ ಸಿಗುವ ಈಚಿನ ಅಂಟುಗಳು ಒಮ್ಮೆ ಹಿಡಿದರೆ ಮರವನ್ನು ಕಿತ್ತುಕೊಂಡೇ ಬರುತ್ತವೆ.